ರೇವತಿ ಬಿಂದಿಗೆಯನ್ನು ಮೆಲ್ಲಗೆ ಇಟ್ಟಿದ್ದಳು

ಆ ಕಲ್ಲನ್ನು ಒಡೆದವಳು ನಾನು. ರೇವತಿಯಲ್ಲ.

ಹೇಳಲು ಒಂದು ಉಸಿರು ಸಾಕಾಗುವ ಮಾತು ಇದು. ಆ ಒಂದು ಉಸಿರನ್ನು ನಾನು ಒಳಗೇ ಹಿಡಿದುಕೊಂಡದ್ದರಿಂದ ಒಬ್ಬ ಹೆಣ್ಣುಮಗಳು ಕಾಲಿಟ್ಟ ದಿನವೇ ಗಂಡನ ಮನೆಯಲ್ಲಿ ಕೆಟ್ಟ ಹೆಸರು ಹೊತ್ತಳು, ವರ್ಷಗಟ್ಟಲೆ ಅದನ್ನು ಹೊತ್ತುಕೊಂಡೇ ಓಡಾಡಿದಳು, ಕೊನೆಗೆ ಮನೆ ಬಿಟ್ಟು ಹೋದಳು. ನಾನು ಮಾತ್ರ ಆ ಮನೆಯಲ್ಲೇ ಇದ್ದೇನೆ. ದಿನವೂ ಅದೇ ಕಟ್ಟೆಯ ಮೇಲೆ ತರಕಾರಿ ಹೆಚ್ಚುತ್ತೇನೆ.

ರೇವತಿ ನನ್ನ ಓರಗಿತ್ತಿ — ನನ್ನ ಮೈದುನ ಸುರೇಶನ ಹೆಂಡತಿ. ನಮ್ಮದು ಕೂಕಲ್ತೊರೈ ಪಕ್ಕದ ಒಂದು ಹಟ್ಟಿ. ಮನೆಗಳೆಲ್ಲ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ನಿಂತಿವೆ. ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯಲ್ಲಿ ಕಷಾಯಕ್ಕೆ ಇಡುತ್ತಾರೆ. ಮನೆಯ ಮುಂದೆ ಅಂಗಳ, ಅಂಗಳದ ಕೆಳಗೆ ಟೀ ತೋಟ. ಎಲ್ಲರಿಗೂ ಅಷ್ಟಿಷ್ಟು ತೋಟ, ಎಲ್ಲರೂ ಎಲೆ ಕಿತ್ತು ಫ್ಯಾಕ್ಟರಿಗೆ ಕೊಡುವವರು. ನಾನು ಹುಟ್ಟಿದ್ದು ಗೂಡಲೂರಿನ ಕಡೆ. ಅಪ್ಪ ಅಲ್ಲಿನ ಒಂದು ಎಸ್ಟೇಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕನ್ನಡ ಶಾಲೆಯಲ್ಲಿ ಓದಿದೆ. ಅದಕ್ಕೇ ಈ ಬರಹ ಕನ್ನಡದಲ್ಲಿದೆ. ಹಟ್ಟಿಯಲ್ಲಿ ಉಳಿದವರೆಲ್ಲ ತಮಿಳು ಓದಿದವರು. ನಾವು ಆಡುವ ಬಡಗ ಮಾತಿಗೆ ಇಲ್ಲಿ ಯಾರೂ ಅಕ್ಷರ ಕಲಿತಿಲ್ಲ. ಹಾಗಾಗಿ — ಇದನ್ನೂ ಈಗಲೇ ಹೇಳಿಬಿಡುತ್ತೇನೆ — ನಾನು ಬರೆಯುತ್ತಿರುವುದನ್ನು ರೇವತಿ ಓದಲಾರಳು, ನಮ್ಮ ಮನೆಯವರು ಓದಲಾರರು. ಮೊದಲು ಈ ಅಕ್ಷರದಲ್ಲಿ ಬರೆಯಲು ಧೈರ್ಯ ಬಂದದ್ದು ಅದರಿಂದಲೇ ಇರಬೇಕು.

ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಸೌದೆ ಒಲೆ, ನೆಲದ ಮೇಲೆ ಅಡುಗೆ. ಮಂಜಿನ ದಿನಗಳಲ್ಲಿ ಹೊಗೆ ಹೊರಗೆ ಹೋಗದೆ ಕಣ್ಣಿಗೇ ಬರುತ್ತಿತ್ತು. ಒಂದು ಕಟ್ಟೆ ಕಟ್ಟಿಸಿ ಎಂದು ಎಷ್ಟು ಸಲ ಕೇಳಿದ್ದೆನೋ. "ನೋಡೋಣ ಹೆಣ್ಣೇ, ಎಲೆಗೆ ಬೆಲೆ ಬರಲಿ" ಎನ್ನುತ್ತಿದ್ದರು ಮಾಮಿ. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುತ್ತೇವೆ. ಎಲೆಗೆ ಬೆಲೆ ಬರಲಿಲ್ಲ. ಆದರೆ ಸುರೇಶನಿಗೆ ಡಿಗ್ರಿ ಓದಿದ ಹುಡುಗಿ ಗೊತ್ತಾದ ಕೂಡಲೇ ಹಿಂದಿನ ಗೋಡೆ ಒಡೆದು ಹೊಸ ಅಡುಗೆಕೋಣೆ ಎದ್ದಿತು, ಕರಿ ಗ್ರಾನೈಟಿನ ಉದ್ದನೆಯ ಚಪ್ಪಡಿ ಬಂತು. ಅದನ್ನು ಲಾರಿಯಿಂದ ಇಳಿಸುವಾಗ ನಾನೂ ಕೈ ಕೊಟ್ಟೆ. ಅದರ ಮೇಲೆ ನನ್ನ ಮುಖ ಕಂಡಿತು. ಇದು ನನಗಾಗಿ ಬಂದದ್ದಲ್ಲ — ಅಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಆದರೆ ಅಂದುಕೊಂಡದ್ದು ನಿಜ.

ಮೇಸ್ತ್ರಿ ಚಪ್ಪಡಿ ಕೂರಿಸಿದ, ಸಿಂಕಿಗೆ ಚೌಕ ಕತ್ತರಿಸಿದ, ನಲ್ಲಿಯ ತೂತು ಒಂದನ್ನು ಬಾಕಿ ಬಿಟ್ಟು ಊರಿಗೆ ಹೋದ — ತಾಯಿಗೆ ಹುಷಾರಿಲ್ಲವಂತೆ. ಮದುವೆ ಹತ್ತಿರ ಬಂದಿತ್ತು. ಸಿಂಕಿದೆ, ನಲ್ಲಿಯಿಲ್ಲ. ಹೆಣ್ಣಿನ ಕಡೆಯವರು ಬಂದು ನೋಡಿದರೆ ನಗುತ್ತಾರೆ ಎಂದು ಮಾಮಿ ಕೊರಗಿದರು.

"ನಾನೇ ಕೊರೆಯುತ್ತೇನೆ" ಅಂದೆ.

ನನ್ನ ಗಂಡ ಮೋಹನ್ ನಕ್ಕರು. "ಮೇಸ್ತ್ರಿ ಬರಲಿ ಬಿಡು. ಅದು ಕಲ್ಲು ಮಾರಾಯ್ತಿ, ಹಲಸಿನಹಣ್ಣಲ್ಲ."

"ಫಿಟ್ಟರ್ ಆಗಿದ್ದದ್ದು ನಮ್ಮಪ್ಪ. ನಿಮ್ಮಪ್ಪ ಅಲ್ಲ" ಅಂದೆ.

ಅಪ್ಪ ಹೋದ ಮೇಲೆ ಅವರ ಡ್ರಿಲ್ ಮಷೀನನ್ನು ನಾನೇ ತಂದಿಟ್ಟುಕೊಂಡಿದ್ದೆ. ಚಿಕ್ಕವಳಾಗಿದ್ದಾಗ ಅವರ ಪಕ್ಕ ಕೂತು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದವಳು ನಾನು. ಕೋತಗಿರಿಗೆ ಹೋಗಿ ಗ್ರಾನೈಟ್ ಕೊರೆಯುವ ಬಿಟ್ ತಂದೆ — ಬಳೆಯ ಹಾಗೆ ದುಂಡಗಿದ್ದು, ಅಂಚಿಗೆ ವಜ್ರದ ಪುಡಿ ಹಚ್ಚಿರುತ್ತಾರೆ. ಅದು ಕಲ್ಲನ್ನು ಚುಚ್ಚುವುದಿಲ್ಲ; ಸುತ್ತ ಉಜ್ಜುತ್ತ ಇಳಿದು, ನಡುವಿನ ಕಲ್ಲನ್ನು ಬಿಲ್ಲೆಯ ಹಾಗೆ ಬಿಡಿಸಿ ತೆಗೆಯುತ್ತದೆ. "ಕಲ್ಲಿಗೆ ಬಡಿಯಬಾರದು ಮಗಾ, ಉಜ್ಜಬೇಕು. ಬಡಿದರೆ ನೀನು ಬಡಿದ ಕಡೆ ಒಡೆಯಲ್ಲ, ಅದಕ್ಕೆ ಎಲ್ಲಿ ನೋವಿದೆಯೋ ಅಲ್ಲಿ ಒಡೆಯುತ್ತದೆ" ಎಂದು ಅಪ್ಪ ಹೇಳುತ್ತಿದ್ದರು. ಇದನ್ನು ನಾನು ಮರೆತಿರಲಿಲ್ಲ. ಮರೆತಿದ್ದೆ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಮಧ್ಯಾಹ್ನ ಎಲ್ಲರೂ ಮೇಲಿನ ಹಟ್ಟಿಗೆ ಮದುವೆ ಕರೆಯಲು ಹೋಗಿದ್ದರು. ಜಾಗ ಅಳೆದು ಗುರುತು ಹಾಕಿದೆ. ಬಿಟ್ ಜಾರದಿರಲೆಂದು ಟೇಪು ಅಂಟಿಸಿದೆ. ಮೈದಾ ಗಟ್ಟಿಯಾಗಿ ಕಲಸಿ ಗುರುತಿನ ಸುತ್ತ ಬದು ಕಟ್ಟಿ ಒಳಗೆ ನೀರು ತುಂಬಿದೆ — ಕಲ್ಲೂ ಬಿಟ್ಟೂ ಬಿಸಿಯಾಗಬಾರದು. ಚಪ್ಪಡಿಯ ಕೆಳಗೆ ತೂತು ಬೀಳುವ ಕಡೆ ಹಲಗೆಯೊಂದನ್ನು ಕೊಟ್ಟು ಮರದ ತುಂಡಿನಿಂದ ಬಿಗಿ ಮಾಡಿದೆ. ಬಿಟ್ ಹೊರಬೀಳುವಾಗ ಅಡಿಯ ಅಂಚು ಚಕ್ಕೆ ಏಳಬಾರದು. ಮೊದಲು ಮಷೀನನ್ನು ಓರೆಯಾಗಿ ಹಿಡಿದು ಕಲ್ಲಿನ ಮೇಲೆ ಉಗುರಿನಂಥ ಗೀರು ಮಾಡಿದೆ, ಆಮೇಲೆ ನಿಧಾನಕ್ಕೆ ನೆಟ್ಟಗೆ ತಂದೆ. ಗೀರು ತುಂಬು ವೃತ್ತವಾಯಿತು. ಬದುವಿನೊಳಗಿನ ನೀರು ಬೂದಿ ಕಲಸಿದಂತಾಯಿತು. ಆಗಾಗ ಬಿಟ್ಟನ್ನು ಮೇಲೆತ್ತಿ ಹೊಸ ನೀರು ಹಾಕಿದೆ. ಮಷೀನಿನ ಭಾರವೇ ಸಾಕು, ಕೈ ಒತ್ತಬಾರದು. ಒತ್ತಲಿಲ್ಲ. ಇಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿ ಮಾಡಿದೆ. ಈಗಲೂ ಯಾರಾದರೂ ಕೇಳಿದರೆ ಹೀಗೇ ಕೊರೆಯಿರಿ ಎಂದು ಹೇಳಿಕೊಡಬಲ್ಲೆ.

ಫ್ಯಾಕ್ಟರಿಗಳೆಲ್ಲ ಓಡುವ ಹೊತ್ತಿನಲ್ಲಿ ನಮ್ಮ ಕಡೆ ಕರೆಂಟು ಸೊರಗುತ್ತದೆ. ಅರ್ಧಕ್ಕಿಂತ ಹೆಚ್ಚು ಇಳಿದಿದ್ದೆ. ಮಷೀನಿನ ದನಿ ಬಿತ್ತು. ಬಿಟ್ ಸುತ್ತುತ್ತಿತ್ತು, ಇಳಿಯುತ್ತಿರಲಿಲ್ಲ. ನಿಲ್ಲಿಸಬೇಕಿತ್ತು. ಒಂದು ಲೋಟ ಟೀ ಕುಡಿದು ಬಂದಿದ್ದರೆ ಕರೆಂಟು ಸರಿಯಾಗುತ್ತಿತ್ತು. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು — ನಮ್ಮವರು ವಾಪಸು ಬರುತ್ತಿದ್ದರು. ಅವರು ಒಳಗೆ ಬರುವ ಹೊತ್ತಿಗೆ ಕೆಲಸ ಮುಗಿದಿರಬೇಕು, ನಾನು ಕೈ ಒರೆಸಿಕೊಳ್ಳುತ್ತ ನಿಂತಿರಬೇಕು — ನನಗೆ ಬೇಕಾಗಿದ್ದದ್ದು ಅದು.

ಮಷೀನಿನ ಪಕ್ಕದಲ್ಲಿ ಒಂದು ಗುಂಡಿಯಿದೆ. ಸುತ್ತಿಗೆಯ ಗುರುತಿನ ಕಡೆ ತಿರುಗಿಸಿದರೆ ಅದು ಸುತ್ತುವುದರ ಜೊತೆಗೆ ಬಡಿಯುತ್ತದೆ. ಸಿಮೆಂಟಿನ ಗೋಡೆಗೆ ಅದು. ಕಲ್ಲಿನ ಚಪ್ಪಡಿಗೆ ಅಲ್ಲ.

ತಿರುಗಿಸಿದೆ.

ಒಂದೆರಡು ಉಸಿರು, ಅಷ್ಟೇ. ಚಪ್ಪಡಿ ಇಡೀ ನಡುಗಿತು. ಎಲ್ಲೋ ಸಣ್ಣಗೆ ಟಿಣ್ ಅಂದಿತು, ಲೋಟ ತಾಗಿದ ಹಾಗೆ. ಕಲ್ಲಿನ ಬಿಲ್ಲೆ ಹಲಗೆಯ ಮೇಲೆ ಬಿತ್ತು. ಮಷೀನ್ ಆರಿಸಿ ನೋಡಿದೆ: ತೂತು ಚೆನ್ನಾಗಿ ಬಂದಿತ್ತು. ಮೇಲೆ ಒಂದು ಚಕ್ಕೆಯಿಲ್ಲ, ಕೆಳಗೆ ಬೆರಳಾಡಿಸಿದೆ, ಅಲ್ಲೂ ಇಲ್ಲ. ಚಾಕುವಿನಿಂದ ಬೆಣ್ಣೆ ತೆಗೆದ ಹಾಗೆ. ಹಿಟ್ಟು, ಕೆಸರು ಎಲ್ಲ ಬಳಿದು ಒದ್ದೆ ಬಟ್ಟೆಯಿಂದ ಒರೆಸಿದೆ. ಕಲ್ಲು ಒಣಗುತ್ತ ಬಂತು.

ಒಂದು ಗೆರೆ ಒಣಗಲಿಲ್ಲ.

ಅದು ತೂತಿನ ಹತ್ತಿರ ಇರಲೇ ಇಲ್ಲ. ಸಿಂಕಿಗೆ ಕತ್ತರಿಸಿದ ಚೌಕದ ಮೂಲೆಯಿಂದ ಹೊರಟು, ಓರೆಯಾಗಿ ಮುಂದಿನ ಅಂಚಿನವರೆಗೆ — ಕೂದಲೆಳೆಯಷ್ಟು. ಆ ಬಲಗಡೆಯ ಅಡಿಯಲ್ಲಿ ಗ್ಯಾಸ್ ಸಿಲಿಂಡರಿಗೆಂದು ಖಾಲಿ ಬಿಟ್ಟಿದ್ದರು, ಕಲ್ಲಿಗೆ ಆಧಾರವಿರಲಿಲ್ಲ. ಉಗುರು ಎಳೆದು ನೋಡಿದೆ. ಉಗುರು ಸಿಕ್ಕಿತು.

ಹೊರಗೆ ಚಪ್ಪಲಿ ಬಿಡುವ ಸದ್ದು. ಆಗಲೇ ಹೇಳಬಹುದಿತ್ತು — ಕಲ್ಲು ಬಿಟ್ಟಿದೆ, ತಪ್ಪಾಯಿತು ಎಂದು. ಮಾಮಿ ಬೈಯುತ್ತಿದ್ದರು, ಮೋಹನ್ ಒಂದು ವಾರ ಅಣಕಿಸುತ್ತಿದ್ದರು, ಮುಗಿಯುತ್ತಿತ್ತು. ನಾನು ಒರೆಸುವ ಬಟ್ಟೆಯನ್ನು ಆ ಗೆರೆಯ ಮೇಲೆ ಹಾಸಿದೆ. ಎಲ್ಲರೂ ಬಂದು ತೂತು ನೋಡಿದರು. "ಮೇಸ್ತ್ರಿಗೂ ಇಷ್ಟು ನೀಟಾಗಿ ಬರಲ್ಲ" ಅಂದ ಸುರೇಶ. ಪಕ್ಕದ ಮನೆಯ ಮಾದಿ ಅಜ್ಜಿಯನ್ನೂ ಕರೆದು ತೋರಿಸಿದರು ಮಾಮಿ. ಅಜ್ಜಿ ತೂತಿನೊಳಗೆ ಬೆರಳು ಹಾಕಿ ನೋಡಿ, "ಇವಳನ್ನು ಮೊದಲೇ ಬಿಟ್ಟಿದ್ದರೆ ಬೆಟ್ಟ ಕೊರೆದು ಮೇಟುಪಾಳಯಕ್ಕೆ ದಾರಿ ಮಾಡುತ್ತಿದ್ದಳು" ಅಂದರು. ನಕ್ಕೆವು. ನಾನೂ ನಕ್ಕೆ.

ಮರುದಿನ ಎಲ್ಲರೂ ಚಪ್ಪರದ ಕೆಲಸದಲ್ಲಿದ್ದಾಗ ಮೇಣದಬತ್ತಿ ಕರಗಿಸಿ, ದೀಪದ ಮಸಿ ಬೆರೆಸಿ, ಗೆರೆಗೆ ತುಂಬಿದೆ. ಹೆಚ್ಚಾದದ್ದನ್ನು ಹೆರೆದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಗೆರೆ ಮಾಯವಾಯಿತು. ಮದುವೆ ಮುಗಿಯಲಿ, ಆಮೇಲೆ ಹೇಳಿದರಾಯಿತು — ಹೀಗೆ ಅಂದುಕೊಂಡೆ. ಅಂದುಕೊಳ್ಳುವುದಕ್ಕೇನು.

ನಮ್ಮಲ್ಲಿ ಮದುವೆಯಲ್ಲಿ ಒಂದು ಪದ್ಧತಿ ಇದೆ. ಗಂಡನ ಮನೆಗೆ ಬಂದ ಹೆಣ್ಣು ಹೊಸ ಬಿಂದಿಗೆ ಹಿಡಿದು ಹಟ್ಟಿಯ ನೀರಿಗೆ ಹೋಗಿ, ತುಂಬಿಸಿ ತಂದು, ಮನೆಯೊಳಗೆ ಇಡಬೇಕು. ತಾಳಿಗಿಂತ ಅದೇ ದೊಡ್ಡದು ಎನ್ನುವ ಹಿರಿಯರು ಈಗಲೂ ಇದ್ದಾರೆ. ಆ ನೀರು ಒಳಗೆ ಬಂದ ಮೇಲೆ ಅವಳು ಮನೆಯವಳು. ಹಳೆಯ ಅಡುಗೆಕೋಣೆಯಲ್ಲಿ ಬಿಂದಿಗೆ ಇಡಲು ನೆಲದ ಮೇಲೆ ಒಂದು ಮೂಲೆಯಿತ್ತು. ನಾನು ಬಂದಾಗ ಅಲ್ಲೇ ಇಟ್ಟಿದ್ದೆ. ಗೋಡೆ ಒಡೆದಾಗ ಆ ಮೂಲೆ ಹೋಯಿತು. ಹೊಸ ಕೋಣೆಯಲ್ಲಿ ಎಲ್ಲಿ ಇಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ರೇವತಿ ನೀರು ತಂದಳು. ತಲೆಯ ಮೇಲೆ ಹಿತ್ತಾಳೆ ಬಿಂದಿಗೆ, ಕಂಠದವರೆಗೆ ತುಂಬಿತ್ತು; ತುಳುಕಿದ ನೀರು ಕೆನ್ನೆಯ ಮೇಲೆ ಇಳಿದಿತ್ತು. ಹಿಂದೆ ಹೆಂಗಸರ ಗುಂಪು. ಮಾಮಿ ಬಾಗಿಲ ಪಕ್ಕ, ನಾನು ಒಳಗೆ ಕಟ್ಟೆಯ ಹತ್ತಿರ. ಅವಳು ಸುತ್ತ ನೋಡಿದಳು. ಅವಳಿಗೆ ಆ ಮನೆಯಲ್ಲಿ ಆಗ ಪರಿಚಯದ ಮುಖ ಎಂದರೆ ನನ್ನದೇ.

"ಅಕ್ಕಾ, ಎಲ್ಲಿ ಇಡಲಿ?"

ನೆಲ ಖಾಲಿಯಿತ್ತು. ಕಟ್ಟೆಯ ಎಡಗಡೆಯೂ ಖಾಲಿಯಿತ್ತು. ಅಲ್ಲಿ ಕೆಳಗೆ ಗೋಡೆಯ ಆಧಾರವೂ ಇತ್ತು. ಆ ಗಳಿಗೆಯಲ್ಲಿ ನನಗೆ ಏನೂ ತೋಚಲಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ತೋಚಿತ್ತು. ಗೆರೆ ಎಲ್ಲಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇವತ್ತಲ್ಲ ನಾಳೆ ಈ ಕಲ್ಲು ಯಾರದೋ ಕೈಯಲ್ಲಿ ಬಿಡುತ್ತದೆ, ನನ್ನ ಕೈಯಲ್ಲಿ ಬಿಡಬಾರದು — ಈ ಯೋಚನೆ ಮಾತಾಗಿ ಬರಲಿಲ್ಲ, ಆದರೆ ಬಂತು. ಕೈ ಅದಾಗಿಯೇ ಎದ್ದಿತು.

"ಅಲ್ಲಿ, ಕಲ್ಲಿನ ಮೇಲೆ ಇಡು" ಅಂದೆ. ಬಲಗಡೆ ತೋರಿಸಿದೆ.

ಅವಳು ಬಿಂದಿಗೆ ಇಳಿಸಿ, ಒಂದು ಅಂಗೈಯನ್ನು ಅದರ ಅಡಿಗೆ ಕೊಟ್ಟು, ಮೊಟ್ಟೆ ಇಡುವ ಹಾಗೆ ಇಟ್ಟಳು. ನಾನು ನೋಡಿದೆ. ಸದ್ದೇ ಆಗಲಿಲ್ಲ. ಅಂಗೈಯನ್ನು ಮೆಲ್ಲಗೆ ಎಳೆದುಕೊಂಡಳು, ಸೆರಗು ಸರಿಮಾಡಿಕೊಂಡಳು, ನನ್ನ ಕಡೆ ನೋಡಿ ನಕ್ಕಳು. ಆಗ ಕಲ್ಲು ಬಿಟ್ಟಿತು. ಮುಂದಿನ ಮೂಲೆ ಒಂದೇ ತುಂಡಾಗಿ ಕೆಳಗೆ ಕುಸಿಯಿತು, ಬಿಂದಿಗೆ ಉರುಳಿತು. ನೀರು ಕೋಣೆ ತುಂಬ, ಹೊಸಿಲು ದಾಟಿ ಹೊರಗೆ.

ಗುಂಪಿನಲ್ಲಿ ಯಾರೋ, "ಒಳಗೆ ಬಂದ ನೀರು ಹೊರಗೆ ಹೋಯಿತಲ್ಲಾ" ಅಂದರು. ಮಾಮಿ ಗೋಡೆ ಹಿಡಿದುಕೊಂಡು, "ಕಾಲಿಟ್ಟ ದಿನವೇ" ಅಂದರು. ಅದನ್ನು ಪೂರ್ತಿ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ನಾನು ನೆಲ ಒರೆಸಲು ಕೂತೆ. ಆ ದಿನ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವಳು ನಾನೇ.

ಸಂಜೆ ಮೋಹನ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ನೀನು ಕೊರೆದಾಗ ಕಲ್ಲಿಗೆ ಏನಾದರೂ ಆಗಿತ್ತಾ?"

"ನಾನು ಕೊರೆದ ತೂತು ಅಲ್ಲೇ ಇದೆಯಲ್ಲ, ನೋಡಿ. ಒಂದು ಚಕ್ಕೆ ಎದ್ದಿದೆಯಾ?" ಅಂದೆ.

ಅವರು ಹೋಗಿ ನೋಡಿದರು. ತೂತು ತುಂಬು ವೃತ್ತವಾಗಿ, ನಲ್ಲಿಯ ಸುತ್ತ ಹಾಗೇ ಇತ್ತು. ಒಡೆದದ್ದು ಒಂದು ಗೇಣು ಆಚೆ. ಮತ್ತೆ ಅವರು ಕೇಳಲಿಲ್ಲ.

ಮೇಸ್ತ್ರಿ ಬಂದು ಒಡೆದ ಮೂಲೆಗೆ ಬೇರೆ ಕಲ್ಲು ಕೂಡಿಸಿದ. ಆ ಕೂಡು ಈಗಲೂ ಕಾಣುತ್ತದೆ. ಬಿದ್ದ ತುಂಡನ್ನು ಹಿತ್ತಲಿನ ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಾಗಿ ಹಾಕಿದರು. ಹಾಕಿದ ದಿನವೇ ನಾನು ಹೋಗಿ ನೋಡಿದೆ. ಕರಿ ಗ್ರಾನೈಟು ಒಡೆದರೆ ಒಳಗೆ ಬೂದು ಬಣ್ಣ. ಒಡೆದ ಅಂಚು ಉದ್ದಕ್ಕೂ ಬೂದಾಗಿತ್ತು. ಮೇಲಿನ ಬದಿಗೆ ಮಾತ್ರ ಬೆರಳಗಲ ಕಪ್ಪು ಪಟ್ಟಿ — ನಾನು ತುಂಬಿದ ಮೇಣ, ಮಸಿ, ಎಣ್ಣೆ. ತಿಳಿದವರು ಒಂದು ಸಲ ನೋಡಿದರೆ ಸಾಕಿತ್ತು, ಈ ಬಿರುಕು ಬಿಂದಿಗೆಗಿಂತ ಹಳೆಯದು ಎನ್ನಲು. ಆ ಅಂಚು ಗೋಡೆಯ ಕಡೆ ಬರುವ ಹಾಗೆ ಕಲ್ಲನ್ನು ತಿರುಗಿಸಿ ಹಾಕಿಸಿದೆ. "ಈ ಕಡೆ ಚೂಪಾಗಿದೆ, ಸೀರೆ ಹರಿಯುತ್ತದೆ" ಅಂದೆ. ಅದರ ಮೇಲೆ ರೇವತಿ ವರ್ಷಗಟ್ಟಲೆ ಬಟ್ಟೆ ಒಗೆದಳು. ಅವಳು ಮಾಡಿಲ್ಲ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಅವಳ ಕೈಯಡಿಯಲ್ಲೇ ಇತ್ತು.

ಮೊದಮೊದಲು ಅವಳು ಅದನ್ನು ತಮಾಷೆ ಮಾಡಿಕೊಂಡಳು. ತೋಟದಲ್ಲಿ ಎಲೆ ಕೀಳುವಾಗ ಯಾರಾದರೂ "ಮೆಲ್ಲಗೆ ಕೀಳಮ್ಮಾ, ಗಿಡ ಒಡೆದೀತು" ಎಂದರೆ, "ದೂರ ನಿಲ್ಲಕ್ಕಾ, ನಿನ್ನ ಹಲ್ಲು ಒಡೆದೀತು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆದರೆ ಹೆಸರು ನಿಂತಿತು: ಕಲ್ಲೊಡೆದವಳು. ಹಸು ಒದ್ದರೆ, ಎಲೆಗೆ ಬೆಲೆ ಬಿದ್ದರೆ, ಸುರೇಶನ ಬೈಕು ಮಂಜಿನಲ್ಲಿ ಜಾರಿದರೆ — "ಕಾಲಿಟ್ಟ ದಿನವೇ ಗೊತ್ತಾಗಿತ್ತು" ಎನ್ನುತ್ತಿದ್ದರು ಮಾಮಿ. ಆ ಕೂಡಿನ ಕಡೆ ನೋಡುತ್ತಿದ್ದರು. ನಮ್ಮ ದೇವತೆ ಹೆತ್ತೆಯ ಹಬ್ಬಕ್ಕೆ ನೀರು ತರುವ ಕೆಲಸ ಅವಳಿಗೆ ಬರಲಿಲ್ಲ. ಕ್ರಮೇಣ ಅವಳು ನಗುವುದನ್ನು ಬಿಟ್ಟಳು. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಡಿಗೆ ಅಂಗೈ ಕೊಟ್ಟು, ನೆಲದ ಮೇಲೆ ಇಡುವುದನ್ನು ರೂಢಿ ಮಾಡಿಕೊಂಡಳು. ಕಟ್ಟೆಯ ಮೇಲೆ ಏನನ್ನೂ ಇಡುತ್ತಿರಲಿಲ್ಲ. ಡಿಗ್ರಿ ಓದಿದ ಹುಡುಗಿಗೆಂದು ಕಟ್ಟಿಸಿದ ಕಟ್ಟೆಯ ಕೆಳಗೆ ಕೂತು ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಅದರ ಮುಂದೆ ನಿಂತು ನಾನು ಅಡುಗೆ ಮಾಡುತ್ತಿದ್ದೆ.

ಒಂದು ದಿನ ಹೀಗೇ ಇಬ್ಬರೇ ಇದ್ದಾಗ ಕೇಳಿದಳು: "ಅಕ್ಕಾ, ಅವತ್ತು ನಾನು ಮೆಲ್ಲಗೆ ಇಟ್ಟಿದ್ದೆ ಅಲ್ವಾ? ನನಗೇ ಈಗ ಅನುಮಾನ ಬರುತ್ತೆ. ನೀನು ಪಕ್ಕದಲ್ಲೇ ಇದ್ದೆಯಲ್ಲ, ನೋಡಿರ್ತೀಯ."

ಅವಳು ಕೇಳಿದ್ದು ಇಷ್ಟೇ. ನನ್ನ ತಪ್ಪನ್ನು ಒಪ್ಪಿಕೋ ಎಂದಲ್ಲ — ಅವಳಿಗೆ ಅದು ಗೊತ್ತೇ ಇರಲಿಲ್ಲ. ಕಂಡದ್ದನ್ನು ಹೇಳು ಎಂದಷ್ಟೇ. "ಹೌದು, ಮೆಲ್ಲಗೆ ಇಟ್ಟೆ" ಎಂದಿದ್ದರೆ ನನ್ನ ಗುಟ್ಟೂ ಉಳಿಯುತ್ತಿತ್ತು, ಅವಳಿಗೂ ಒಂದು ಹಿಡಿ ನೆಲ ಸಿಗುತ್ತಿತ್ತು. ಅಷ್ಟನ್ನೂ ಕೊಡಲಿಲ್ಲ.

"ಗುಂಪಿನಲ್ಲಿ ಗಮನಿಸಲಿಲ್ಲ ಕಣೇ" ಅಂದೆ.

ಕಲ್ಲು ಒಡೆದದ್ದಕ್ಕಿಂತ, ಕೈ ತೋರಿಸಿದ್ದಕ್ಕಿಂತ, ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಅದನ್ನು ಹೇಳುವಾಗ ಅವಸರವಿರಲಿಲ್ಲ, ಗುಂಪಿರಲಿಲ್ಲ, ಭಯವೂ ಇರಲಿಲ್ಲ. ಸಾಂಬಾರಿಗೆ ಉಪ್ಪು ನೋಡುತ್ತ ಹೇಳಿದೆ.

ಕೊನೆಗೆ ಪಕ್ಕದ ಮನೆಯ ಮದುವೆಯಲ್ಲಿ, ಹೊಸ ಹೆಣ್ಣು ತಂದ ಬಿಂದಿಗೆಯನ್ನು ಇಳಿಸಲು ರೇವತಿ ಕೈ ನೀಡಿದಳು — ಹತ್ತಿರ ಇದ್ದವಳು ಅವಳೇ. ಮಾಮಿ ಎಲ್ಲರೆದುರು ಅವಳ ಕೈಯನ್ನು ಸರಿಸಿದರು. "ನೀನು ಬೇಡ." ರೇವತಿ ಕೈ ಹಿಂದಕ್ಕೆ ಎಳೆದುಕೊಂಡು, ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಆ ತಿಂಗಳು ಮುಗಿಯುವ ಮೊದಲೇ ಅವರು ತೊರಪಳ್ಳಿಗೆ ಹೋದರು; ಸುರೇಶ ಅಲ್ಲಿ ಒಂದು ಲಾಡ್ಜಿನಲ್ಲಿ ಕೆಲಸ ಹಿಡಿದ. ಸಾಮಾನು ಕಟ್ಟಲು ನಾನು ಸಹಾಯ ಮಾಡಿದೆ. "ನೀನೊಬ್ಬಳು ನನಗೆ ಏನೂ ಅನ್ನಲಿಲ್ಲ ಅಕ್ಕಾ" ಎಂದು ಹೋಗುವಾಗ ನನ್ನ ಕೈ ಹಿಡಿದಳು.

ಈಗ ನನ್ನ ಮಗನ ಮದುವೆ. ಇನ್ನೊಬ್ಬ ಹುಡುಗಿ ಬಿಂದಿಗೆ ಹಿಡಿದು ಅದೇ ಬಾಗಿಲಿಗೆ ಬರುತ್ತಾಳೆ. ಯಾರನ್ನು ಕರೆಯಬೇಕು ಎಂಬ ಮಾತು ಬಂದಾಗ ಮಾಮಿ, "ತೊರಪಳ್ಳಿಯವರನ್ನು ಕರಿ. ನೀರು ಬರುವ ಹೊತ್ತಿಗೆ ಮಾತ್ರ ಅವಳು ಅಂಗಳದಲ್ಲೇ ಇರಲಿ" ಅಂದರು. ನಾನು ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಗುಂಡಿ ತಿರುಗಿಸಿದ್ದು, ಮೇಣ ತುಂಬಿದ್ದು, ಕೈ ತೋರಿಸಿದ್ದು.

ಮಾಮಿ ಹೇಳಿದರು: "ಅವಳನ್ನು ಅಂದದ್ದೆಲ್ಲ ಈ ಬಾಯಲ್ಲೇ ಅಂದೆ. ಇದೇ ಬಾಯಲ್ಲಿ ನಾಳೆಯಿಂದ ನಾನು ಅನ್ನ ತಿನ್ನಬೇಕಾ? ನನಗೆ ಯಾಕೆ ಹೇಳಿದೆ ನೀನು? ನಾನು ಹೋದ ಮೇಲೆ ಹೇಳಬಹುದಿತ್ತಲ್ಲ." ಗೋಡೆಯ ಕಡೆ ತಿರುಗಿ ಮಲಗಿದರು. ಅವರನ್ನೂ ನಾನು ನನ್ನ ತಪ್ಪಿನೊಳಗೆ ಎಳೆದುಕೊಂಡಿದ್ದೆ ಎನ್ನುವುದು ಆವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಮೋಹನ್‌ಗೆ ಹೇಳಿದೆ. ಅವರು, "ಅವತ್ತು ನಾನು ಕೇಳಿದ್ದೆನಲ್ಲ" ಅಂದರು. ಅಷ್ಟೇ.

ಮದುವೆ ಕರೆಯುವ ನೆಪದಲ್ಲಿ ತೊರಪಳ್ಳಿಗೆ ಹೋದೆ. ಸುರೇಶ ಕೆಲಸಕ್ಕೆ ಹೋಗಿದ್ದ. ರೇವತಿ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು; ನಾನೂ ಎದುರು ಕೂತು, ಕಾಯಿ ಮುಟ್ಟದೆ, ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು.

"ಎಲ್ಲಿ ಇಡಲಿ ಅಂತ ನಾನು ಕೇಳಿದಾಗ — ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎದ್ದು ಟೀ ಮಾಡಿ ತಂದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಡಿಗೆ ಅಂಗೈ ಕೊಟ್ಟು, ನನ್ನ ಮುಂದೆ ನೆಲದ ಮೇಲೆ ಇಟ್ಟಳು. ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಅನ್ನುವವರಿಲ್ಲ, ಆದರೂ. "ಅಳಬೇಡ ಅಕ್ಕಾ, ನನಗೆ ಅದನ್ನು ನೋಡಲು ಇಷ್ಟವಿಲ್ಲ" ಅಂದಳು. ಸ್ವಲ್ಪ ಹೊತ್ತಿನ ಮೇಲೆ: "ಮೆಲ್ಲಗೆ ಇಟ್ಟಿದ್ದೆ ಅಂತ ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದವಳಿಗೇ ಬಂದು ಹೇಳ್ತಿದ್ದೀಯ. ಗೊತ್ತಿಲ್ಲದವರು ಅಲ್ಲಿದ್ದಾರೆ, ಹಟ್ಟಿಯಲ್ಲಿ. ಅವರಿಗೆ ಹೇಳು." ಮದುವೆಗೆ ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಬಸ್ಸಿಗೆ ಬಿಡುವುದಿರಲಿ, ಬಾಗಿಲಿನವರೆಗೂ ಬರಲಿಲ್ಲ.

ಹೇಳಿದೆ. ಆ ಹೆಸರು ಹುಟ್ಟಿ ಬೆಳೆದದ್ದು ಎಲೆ ಕೀಳುವ ಸಾಲಿನಲ್ಲಿ. ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಮಾತಿನಲ್ಲೇ ಹೇಳಿದೆ. ಮೊದಲು ಯಾರೋ ನಕ್ಕರು.

"ಸೊಸೆ ಬರುವ ಹೊತ್ತಿಗೆ ಅತ್ತೆ ಪುಣ್ಯ ಕಟ್ಟಿಕೊಳ್ಳುತ್ತಿದ್ದಾಳೆ!"

"ತಂಗಿ ಮೇಲಿನ ಪ್ರೀತಿಗೆ ತಾನು ಹೊತ್ತುಕೊಳ್ಳುತ್ತಾಳೆ, ಪಾಪ" ಎಂದಳು ಇನ್ನೊಬ್ಬಳು.

ಮಾದಿ ಅಜ್ಜಿಗೆ ಈಗ ಕೀಳಲು ಆಗುವುದಿಲ್ಲ. ದಿಣ್ಣೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಅವರೇ ತೀರ್ಪು ಕೊಟ್ಟರು: "ನನ್ನ ಬೆರಳು ಹಾಕಿ ನೋಡಿದ್ದೇನಲ್ಲ, ಅಷ್ಟು ನೀಟಾಗಿ ಕೊರೆದವಳು ಕಲ್ಲು ಒಡೆಯುತ್ತಾಳಾ? ಸುಮ್ಮನಿರು ಹೆಣ್ಣೇ. ನಿನ್ನಂಥ ಓರಗಿತ್ತಿ ಎಲ್ಲರಿಗೂ ಸಿಗಲಿ."

ಮತ್ತೆ ಹೇಳಿದೆ. ಆಣೆ ಇಟ್ಟೆ. ನಾನು ಹೇಳಿದಷ್ಟೂ ನನ್ನ ಒಳ್ಳೆಯತನ ದೊಡ್ಡದಾಗುತ್ತ ಹೋಯಿತು. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ಅವರೇ.

ನಿನ್ನೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಅಡಿಗೆ ಹಾರೆ ಹಾಕಿದೆ. ಒಬ್ಬಳಿಂದ ಆಗಲಿಲ್ಲ. ಮೋಹನ್ ಬಂದು, ಏನನ್ನೂ ಕೇಳದೆ, ಇನ್ನೊಂದು ಕಡೆ ಹಿಡಿದರು. ಗೋಡೆಯ ಕಡೆಗಿದ್ದ ಅಂಚನ್ನು ಹೊರಕ್ಕೆ ತಿರುಗಿಸಿ ಇಟ್ಟೆವು. ಪಾಚಿ ಕೆರೆದು ತೊಳೆದೆ. ಬೂದು ಕಲ್ಲಿನ ಮೇಲ್ಬದಿಗೆ ಕಪ್ಪು ಪಟ್ಟಿ, ಹಾಗೇ ಇದೆ. ಮಾಮಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಹೋದರು. ಮದುವೆಗೆ ಬರುವವರು ಕೈಕಾಲು ತೊಳೆಯುವುದು ಅಲ್ಲೇ. ಒಬ್ಬೊಬ್ಬರನ್ನೇ ನಿಲ್ಲಿಸಿ, ಬಗ್ಗಿಸಿ ತೋರಿಸುತ್ತೇನೆ. ಮಾದಿ ಅಜ್ಜಿಯ ಬೆರಳನ್ನು ಹಿಡಿದು ಆ ಪಟ್ಟಿಯ ಮೇಲೆ ಇಡಿಸುತ್ತೇನೆ. ನಂಬದಿದ್ದರೆ ಮತ್ತೆ ಹೇಳುತ್ತೇನೆ. ಇದರಿಂದ ರೇವತಿಯ ಅಂಗೈ ಲೋಟದ ಅಡಿಯಿಂದ ಸರಿಯುವುದಿಲ್ಲ ಎಂದು ಬಲ್ಲೆ.

ಹೊಸ ಹುಡುಗಿ ನೀರು ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಎಲ್ಲಿ ಇಡಲಿ ಎಂದು ಕೇಳುತ್ತಾಳೆ. "ಕೆಳಗೆ ಇಡು ಮಗಾ" ಎನ್ನುತ್ತೇನೆ. ಅಷ್ಟೇ ಸಣ್ಣ ಮಾತು. ಅವತ್ತೂ ಅದು ನನ್ನ ಬಾಯಲ್ಲೇ ಇತ್ತು.